ಡಿಎನ್‌ಎ ಕತ್ತರಿಸಲು ಮೆಗ್ನೀಸಿಯಂ ಏಕೆ ಬೇಕು? ಕ್ಯಾಲ್ಸಿಯಂ ಏಕೆ ಸಾಲದು?

ಶಾಲ್ಮಲಾ · ಸೋಮವಾರ, ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಈ ವಾರದ ಪ್ರಾಕ್ಟಿಕಲ್‌ನಲ್ಲಿ ಲ್ಯಾಂಬ್ಡಾ ಫೇಜ್‌ನ ಡಿಎನ್‌ಎಯನ್ನು ಇಕೋ ಆರ್ ಒನ್ ಎಂಬ ರೆಸ್ಟ್ರಿಕ್ಷನ್ ಕಿಣ್ವದಿಂದ (ಗೊತ್ತಾದ ಅಕ್ಷರಗಳ ಸಾಲು ಸಿಕ್ಕಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವ) ಕತ್ತರಿಸಿ, ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸಲು ಜೆಲ್ ಓಡಿಸಿದೆವು. ಮೇಡಂ ಮೂರು ಟ್ಯೂಬ್ ಮಾಡಿಸಿದ್ದರು. ಮೊದಲನೆಯದಕ್ಕೆ ಎಂದಿನ ಬಫರ್, ಅದರಲ್ಲಿ 10 ಮಿಲಿಮೋಲಾರ್ ಮೆಗ್ನೀಸಿಯಂ ಇದೆ. ಎರಡನೆಯದಕ್ಕೆ ಅದೇ ಬಫರ್, ಮೇಲೆ ಧಾರಾಳವಾಗಿ ಇಡಿಟಿಎ. ಮೂರನೆಯದಕ್ಕೆ ಮೆಗ್ನೀಸಿಯಂ ಇಲ್ಲದ ಬಫರ್, ಬದಲಿಗೆ ಅಷ್ಟೇ ಕ್ಯಾಲ್ಸಿಯಂ ಕ್ಲೋರೈಡ್. ಮೊದಲ ಟ್ಯೂಬಿನಲ್ಲಿ ಮಾತ್ರ ತುಂಡುಗಳ ಪಟ್ಟೆ ಬಂದವು. ಉಳಿದೆರಡರಲ್ಲಿ ಡಿಎನ್‌ಎ ಇಡಿಯಾಗಿ ಜೆಲ್‌ನ ಬಾವಿಯ (ಡಿಎನ್‌ಎ ಹಾಕುವ ಗುಂಡಿಯ) ಹತ್ತಿರವೇ ನಿಂತಿತ್ತು.

ಇಡಿಟಿಎ ಮೆಗ್ನೀಸಿಯಂ ಅನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಕಿಣ್ವಕ್ಕೆ ಸಿಗದಂತೆ ಮಾಡುತ್ತದೆ. ಅಷ್ಟು ಅರ್ಥವಾಯಿತು. ಮೂರನೆಯ ಟ್ಯೂಬ್ ಅರ್ಥವಾಗಲಿಲ್ಲ. ಕ್ಯಾಲ್ಸಿಯಂ ಕೂಡ ಅದೇ ಗುಂಪಿನ ಲೋಹ, ಅದಕ್ಕೂ ಎರಡು ಧನ ಆವೇಶ. ರೆಕಾರ್ಡ್ ಪುಸ್ತಕದಲ್ಲಿ "ಸಹಕಾರಕ: ಮೆಗ್ನೀಸಿಯಂ" ಎಂದು ಬರೆದು ಸಹಿ ಹಾಕಿಸಿಕೊಂಡೆವು. ಆದರೆ ಆ ಅಯಾನು ಅಲ್ಲಿ ಕೂತು ಮಾಡುವ ಕೆಲಸ ನಿಜಕ್ಕೂ ಏನು? ಯಾರಾದರೂ ಬಿಡಿಸಿ ಹೇಳುತ್ತೀರಾ?

ಕೆಮಿಸ್ಟ್ರಿ ಮೇಷ್ಟ್ರು · ಸೋಮವಾರ, ರಾತ್ರಿ 9:35

ಶಾಲ್ಮಲಾ, ಮೂರನೆಯ ಟ್ಯೂಬ್ ಇಡಿಸಿದ ನಿಮ್ಮ ಮೇಡಂಗೆ ನನ್ನ ನಮಸ್ಕಾರ ಹೇಳಿ. ತುಂಬಾ ಕಾಲೇಜುಗಳಲ್ಲಿ ಎರಡಕ್ಕೇ ನಿಲ್ಲಿಸುತ್ತಾರೆ.

ಕಿಣ್ವವನ್ನು ಪಕ್ಕಕ್ಕಿಟ್ಟು ಮೊದಲು ಡಿಎನ್‌ಎ ಎಷ್ಟು ಗಟ್ಟಿ ಎಂದು ನೋಡಿ. ಸಕ್ಕರೆ, ಫಾಸ್ಫೇಟ್, ಸಕ್ಕರೆ, ಫಾಸ್ಫೇಟ್ ಎಂದು ಸಾಗುವ ಎಳೆಯಲ್ಲಿ ಒಂದೊಂದು ಕೊಂಡಿಯೂ ಫಾಸ್ಫೋಡೈಎಸ್ಟರ್ ಬಂಧ. ನೀರು ತಾನಾಗಿಯೇ ಫಾಸ್ಫರಸ್ ಮೇಲೆ ಎರಗಿ ಈ ಬಂಧವನ್ನು ಮುರಿಯಬೇಕಾದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅರ್ಧದಷ್ಟು ಬಂಧಗಳು ಮುರಿಯಲು ಸುಮಾರು 3 ಕೋಟಿ ವರ್ಷ ಹಿಡಿಯುತ್ತದೆ. ಅಮೆರಿಕದ ರಿಚರ್ಡ್ ವೊಲ್ಫೆಂಡನ್ ಮತ್ತು ಸಂಗಡಿಗರು ಇದೇ ಬಗೆಯ ಸರಳ ಸಂಯುಕ್ತಗಳನ್ನು ಹೆಚ್ಚಿನ ಬಿಸಿಯಲ್ಲಿ ಅಳೆದು, ಅಲ್ಲಿಂದ ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದ ಅಂದಾಜು ಇದು. ನಿಮ್ಮ ಕಿಣ್ವ ಅದೇ ಕೆಲಸವನ್ನು 37 ಡಿಗ್ರಿಯಲ್ಲಿ ಒಂದು ಗಂಟೆಯೊಳಗೆ ಮುಗಿಸುತ್ತದೆ.

ನೀರಿಗೆ ಇದು ಯಾಕೆ ಇಷ್ಟು ಕಷ್ಟ? ತೊಡಕು ಮೂರು.

ಒಂದು, ಫಾಸ್ಫೇಟ್‌ಗೆ ಋಣ ಆವೇಶವಿದೆ. ಅದರ ಮೇಲೆ ಎರಗಬೇಕಾದದ್ದು ನೀರಿನ ಆಮ್ಲಜನಕ, ಅದೂ ಒಂದು ಪ್ರೋಟಾನ್ ಕಳೆದುಕೊಂಡು ಹೈಡ್ರಾಕ್ಸೈಡ್ ಆದರೆ ಮಾತ್ರ ಚೆನ್ನಾಗಿ ಎರಗಬಲ್ಲದು. ಹೈಡ್ರಾಕ್ಸೈಡ್ ಕೂಡ ಋಣ. ಒಂದನ್ನೊಂದು ದೂರ ತಳ್ಳುತ್ತವೆ.

ಎರಡು, ಎರಗಿದ ಮೇಲೆ ಫಾಸ್ಫರಸ್ ಸುತ್ತ ಅರೆಗಳಿಗೆ ಐದು ಆಮ್ಲಜನಕ ಬರುತ್ತವೆ. ಆ ಸ್ಥಿತಿಯಲ್ಲಿ ಋಣ ಆವೇಶ ಇನ್ನೂ ಹೆಚ್ಚು. ಅದನ್ನು ಯಾರಾದರೂ ತಡೆದುಕೊಳ್ಳಬೇಕು.

ಮೂರು, ಇನ್ನೊಂದು ತುದಿಯಲ್ಲಿ ಬಿಟ್ಟುಹೋಗುವ ಸಕ್ಕರೆಯ ಆಮ್ಲಜನಕ ಋಣ ಆವೇಶ ಹೊತ್ತುಕೊಂಡು ಹೋಗಬೇಕು. ಅದಕ್ಕೆ ಆಸರೆ ಇಲ್ಲದಿದ್ದರೆ ಅದು ಹೋಗುವುದೇ ಇಲ್ಲ, ಬಂಧ ಮತ್ತೆ ಕೂಡಿಕೊಳ್ಳುತ್ತದೆ.

ಈ ಮೂರೂ ಕಡೆ ಧನ ಆವೇಶದ ಗಟ್ಟಿಯಾದ, ಚಿಕ್ಕದಾದ ಒಂದು ಕಣವನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಕೆಲಸ ಹಗುರವಾಗುತ್ತದೆ. ಮೆಗ್ನೀಸಿಯಂ ಅಯಾನು ಅಂಥ ಕಣ. ಮಾಮೂಲಿ ನೀರಿನ ಪಿಕೆಎ 15.7. ಅದೇ ನೀರು ಮೆಗ್ನೀಸಿಯಂಗೆ ಅಂಟಿಕೊಂಡರೆ 11.4ಕ್ಕೆ ಇಳಿಯುತ್ತದೆ. ಪಿಕೆಎ ಒಂದು ಅಂಕಿ ಇಳಿದರೆ ಪ್ರೋಟಾನ್ ಬಿಡುವುದು ಹತ್ತು ಪಟ್ಟು ಸುಲಭ. ಅಂದಮೇಲೆ ನಾಲ್ಕು ಅಂಕಿಗೂ ಮೀರಿದ ಈ ಇಳಿಕೆಯನ್ನು ನೀವೇ ಲೆಕ್ಕ ಹಾಕಿ. ಕಿಣ್ವದ ಗುಳಿಯೊಳಗೆ ಅಕ್ಕಪಕ್ಕದ ಗುಂಪುಗಳ ಪ್ರಭಾವದಿಂದ ಅದು ಇನ್ನೂ ಇಳಿಯಬಹುದು.

ನಾನು ತರಗತಿಯಲ್ಲಿ ಹೇಳುವುದು ಇಷ್ಟೇ: ಲೋಹದ ಹೆಸರನ್ನು ಬಾಯಿಪಾಠ ಮಾಡಬೇಡಿ. ನೀರನ್ನು ಸಿದ್ಧ ಮಾಡುವವರು ಯಾರು, ನಡುವಿನ ಆವೇಶವನ್ನು ತಡೆದುಕೊಳ್ಳುವವರು ಯಾರು, ಹೋಗುವ ತುದಿಗೆ ಆಸರೆ ಯಾರು ಎಂದು ಪ್ರತಿ ಕಿಣ್ವಕ್ಕೂ ಕೇಳಿ. ಕೆಲವು ಕಿಣ್ವಗಳಲ್ಲಿ ಮೂರನ್ನೂ ಲೋಹ ಮಾಡುತ್ತದೆ, ಕೆಲವದರಲ್ಲಿ ಪ್ರೋಟೀನೇ ಪಾಲು ತೆಗೆದುಕೊಳ್ಳುತ್ತದೆ.

ಕುತೂಹಲಿ · ಸೋಮವಾರ, ರಾತ್ರಿ 10:02

ಸರ್, ನಾನು ವಿಜ್ಞಾನ ಓದಿದವನಲ್ಲ, ಆದರೂ ಇಡೀ ಉತ್ತರ ಓದಿದೆ. ಕಾಲು ಹಿಡಿತಕ್ಕೆಂದು ಡಾಕ್ಟರ್ ನಮ್ಮ ಅಮ್ಮನಿಗೆ ಮೆಗ್ನೀಸಿಯಂ ಮಾತ್ರೆ ಬರೆದುಕೊಟ್ಟಿದ್ದಾರೆ. ಅದರಿಂದ ಮೈಯೊಳಗಿನ ಡಿಎನ್‌ಎ ತುಂಡಾಗುವ ಭಯವಿದೆಯೇ?

ಕೆಮಿಸ್ಟ್ರಿ ಮೇಷ್ಟ್ರು · ಸೋಮವಾರ, ರಾತ್ರಿ 10:20

ಇಲ್ಲ, ನಿಶ್ಚಿಂತೆಯಿಂದಿರಿ. ಮೆಗ್ನೀಸಿಯಂ ಒಂದೇ ಇದ್ದರೆ ಡಿಎನ್‌ಎಯನ್ನು ಕತ್ತರಿಸುವುದಿಲ್ಲ. ಶಾಲ್ಮಲಾ ಅವರ ಬಫರಿನಲ್ಲಿ ಕಿಣ್ವ ಹಾಕದೆ ಡಿಎನ್‌ಎ ಇಟ್ಟರೆ ಅದು ಹಾಗೆಯೇ ಇರುತ್ತದೆ. ಅಯಾನನ್ನು ಕೂರಿಸಬೇಕಾದ ಜಾಗದಲ್ಲಿ ಕೂರಿಸುವುದು ಕಿಣ್ವ. ಇನ್ನೊಂದು, ನಮ್ಮ ಜೀವಕೋಶಗಳಲ್ಲಿ ಮೆಗ್ನೀಸಿಯಂ ಯಾವಾಗಲೂ ಇದ್ದೇ ಇದೆ. ಅದರಲ್ಲಿ ಬಹುಪಾಲು ಎಟಿಪಿ, ರೈಬೋಸೋಮ್ ಮುಂತಾದವಕ್ಕೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಓಡಾಡುವುದು 1 ಮಿಲಿಮೋಲಾರ್‌ನ ಆಸುಪಾಸು. ಡಿಎನ್‌ಎಯನ್ನು ನಕಲು ಮಾಡುವ, ಮುರಿದದ್ದನ್ನು ಬೆಸೆಯುವ ಕಿಣ್ವಗಳಿಗೂ ಅದೇ ಮೆಗ್ನೀಸಿಯಂ ಬೇಕು. ಡಾಕ್ಟರ್ ಹೇಳಿದಂತೆ ಅಮ್ಮ ಮಾತ್ರೆ ತೆಗೆದುಕೊಳ್ಳಲಿ.

ಇಕೋ ಆರ್ ಒನ್ ಇರುವ ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ಉಳಿಸಿಕೊಳ್ಳುವ ಬಗೆಯೂ ಬೇರೆ. ಅದು ಮೆಗ್ನೀಸಿಯಂ ಕಡಿಮೆ ಮಾಡಿಕೊಳ್ಳುವುದಿಲ್ಲ. ಈ ಕಿಣ್ವ ಕತ್ತರಿಸುವ ಅಕ್ಷರಗಳ ಸಾಲು ಜಿಎಎಟಿಟಿಸಿ; ತನ್ನ ಡಿಎನ್‌ಎಯಲ್ಲಿರುವ ಅಂಥ ತಾಣಗಳ ಒಂದು ಅಡೆನಿನ್‌ಗೆ ಮೀಥೈಲ್ ಗುಂಪು ಅಂಟಿಸಿಕೊಂಡಿರುತ್ತದೆ. ಗುರುತಿಲ್ಲದೆ ಒಳಗೆ ಬಂದ ವೈರಸ್ಸಿನ ಡಿಎನ್‌ಎ ಮಾತ್ರ ತುಂಡಾಗುತ್ತದೆ.

ಹರಳುಗಾರ · ಮಂಗಳವಾರ, ಬೆಳಿಗ್ಗೆ 6:50

ಪ್ರೋಟೀನ್ ಹರಳುಗಳಿಗೆ ಎಕ್ಸ್-ರೇ ಹಾಯಿಸಿ ರಚನೆ ತಿಳಿಯುವ ಕೆಲಸ ನನ್ನದು, ಈಗ ಜರ್ಮನಿಯಲ್ಲಿದ್ದೇನೆ. ಮೇಷ್ಟ್ರು ಹೇಳಿದ ಮೂರು ತೊಡಕುಗಳನ್ನೇ ಹಿಡಿದು ಮುಂದುವರಿಸುತ್ತೇನೆ.

ಈ ಕ್ಷೇತ್ರದ ದೊಡ್ಡ ಮಾತು "ಎರಡು ಲೋಹದ ಅಯಾನುಗಳ ವಿಧಾನ". ಯೇಲ್ ವಿಶ್ವವಿದ್ಯಾಲಯದಲ್ಲಿ ಲೊರೆನಾ ಬೀಸ್ ಮತ್ತು ಥಾಮಸ್ ಸ್ಟೈಟ್ಜ್ ಇಬ್ಬರೂ ಡಿಎನ್‌ಎ ಪಾಲಿಮರೇಸ್‌ನ ತಿದ್ದುಪಡಿ ಭಾಗವನ್ನು ನೋಡುತ್ತಿದ್ದರು. ತಪ್ಪಾಗಿ ಸೇರಿದ ನ್ಯೂಕ್ಲಿಯೋಟೈಡನ್ನು ಕಡಿದು ತೆಗೆಯುವ ಭಾಗ ಅದು. 1991ರಲ್ಲಿ ಅವರು ತೋರಿಸಿದ ಚಿತ್ರದಲ್ಲಿ ಎರಡು ಲೋಹದ ಅಯಾನುಗಳು ಸುಮಾರು 4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ದೂರದಲ್ಲಿ, ಕತ್ತರಿಸಬೇಕಾದ ಫಾಸ್ಫೇಟ್‌ನ ಎರಡು ಮಗ್ಗುಲಲ್ಲಿ ಕೂತಿದ್ದವು. ಮೊದಲನೆಯದು ನೀರನ್ನು ಹಿಡಿದು ಹೈಡ್ರಾಕ್ಸೈಡ್ ಮಾಡಿ ಎದುರು ನೇರಕ್ಕೆ ನಿಲ್ಲಿಸುತ್ತದೆ. ಎರಡನೆಯದು ಬಿಟ್ಟುಹೋಗುವ ಆಮ್ಲಜನಕಕ್ಕೆ ಆಸರೆ. ಮಧ್ಯದ ಐದು ಕೈಗಳ ಸ್ಥಿತಿಗೆ ಎರಡೂ ಸೇರಿ ಒತ್ತಾಸೆ. ಅಯಾನುಗಳನ್ನು ಕಟ್ಟಿ ಹಾಕಿರುವುದು ಆಸ್ಪಾರ್ಟೇಟ್, ಗ್ಲುಟಮೇಟ್‌ಗಳ ಋಣ ಆವೇಶದ ತುದಿಗಳು. 1993ರಲ್ಲಿ ಥಾಮಸ್ ಸ್ಟೈಟ್ಜ್ ತಮ್ಮ ಪತ್ನಿ, ಆರ್‌ಎನ್‌ಎ ವಿಜ್ಞಾನಿ ಜೋನ್ ಸ್ಟೈಟ್ಜ್ ಜೊತೆಗೂಡಿ, ಪ್ರೋಟೀನೇ ಇಲ್ಲದ ಆರ್‌ಎನ್‌ಎ ಕಿಣ್ವಗಳೂ ಇದೇ ದಾರಿ ಹಿಡಿದಿರಬೇಕು ಎಂದು ಬರೆದರು. ಮುಂದೆ 2009ರಲ್ಲಿ ಇದೇ ಥಾಮಸ್ ಸ್ಟೈಟ್ಜ್‌ಗೆ ವೆಂಕಟರಾಮನ್ ರಾಮಕೃಷ್ಣನ್ ಮತ್ತು ಅದಾ ಯೋನತ್ ಅವರೊಂದಿಗೆ ನೊಬೆಲ್ ಬಂದದ್ದು ರೈಬೋಸೋಮ್ ಕೆಲಸಕ್ಕೆ.

ರೆಸ್ಟ್ರಿಕ್ಷನ್ ಕಿಣ್ವಗಳಿಗೆ ಬಂದರೆ ಬ್ಯಾಮ್ ಎಚ್ ಒನ್ ನನಗೆ ಅಚ್ಚುಮೆಚ್ಚು. ಅದಕ್ಕೆ ಕಾರಣ ಶಾಲ್ಮಲಾ ಅವರ ಮೂರನೆಯ ಟ್ಯೂಬಿಗೂ ಸಂಬಂಧಿಸಿದ್ದು. 1998ರಲ್ಲಿ ವಿಯಾಡಿಯು ಮತ್ತು ಅನೀಲ್ ಅಗರ್ವಾಲ್ ಈ ಕಿಣ್ವವನ್ನು ಡಿಎನ್‌ಎ ಸಮೇತ ಹರಳು ಮಾಡಿ ಎರಡು ಚಿತ್ರ ತೆಗೆದರು. ಕ್ಯಾಲ್ಸಿಯಂ ಇಟ್ಟಾಗ ಡಿಎನ್‌ಎ ಕತ್ತರಿಸುವ ಮುಂಚಿನ ಸ್ಥಿತಿಯಲ್ಲಿ ನಿಂತಿತ್ತು. ಮ್ಯಾಂಗನೀಸ್ ಇಟ್ಟಾಗ ಕತ್ತರಿಸಿ ಆಗಿತ್ತು. ಎರಡರಲ್ಲೂ ಎರಡೆರಡು ಅಯಾನು. ಅಂದರೆ ಕ್ಯಾಲ್ಸಿಯಂ ಜಾಗಕ್ಕೆ ಬಂದು ಕೂರುತ್ತದೆ, ಕತ್ತರಿಸುವುದಿಲ್ಲ. ನಮ್ಮಂಥವರಿಗೆ ಇದು ದೊಡ್ಡ ಉಪಕಾರ, ಕ್ರಿಯೆಯ ಹೊಸ್ತಿಲಲ್ಲಿ ಎಲ್ಲವನ್ನೂ ಹಿಡಿದು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಆದರೆ "ಎಲ್ಲ ಕಿಣ್ವಕ್ಕೂ ಎರಡೇ" ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಇಕೋ ಆರ್ ಫೈವ್ ಎಂಬ ಇನ್ನೊಂದು ರೆಸ್ಟ್ರಿಕ್ಷನ್ ಕಿಣ್ವದ ಬಗ್ಗೆ ಒಂದೋ, ಎರಡೋ, ಮೂರೋ ಎಂದು ವರ್ಷಗಟ್ಟಲೆ ವಾದ ನಡೆದಿದೆ.

ಶಾಲ್ಮಲಾ · ಮಂಗಳವಾರ, ಬೆಳಿಗ್ಗೆ 8:15

ಸರ್, ಕ್ಯಾಲ್ಸಿಯಂ ಬಂದು ಕೂರುತ್ತದೆ ಎಂದರೆ ಮೂರನೆಯ ಟ್ಯೂಬಿನಲ್ಲಿ ಕಿಣ್ವ ಡಿಎನ್‌ಎಯನ್ನು ಹಿಡಿದುಕೊಂಡೇ ನಿಂತಿತ್ತೇ? ನಾನು ಕಿಣ್ವ ಸುಮ್ಮನೆ ತೇಲಾಡುತ್ತಿತ್ತು ಎಂದುಕೊಂಡಿದ್ದೆ. ಹಾಗಾದರೆ ಕೂತ ಮೇಲೂ ಕತ್ತರಿಸದಿರಲು ಕಾರಣವೇನು?

ಹರಳುಗಾರ · ಮಂಗಳವಾರ, ಮಧ್ಯಾಹ್ನ 12:40

ಇಕೋ ಆರ್ ಒನ್ ಲೋಹವೇ ಇಲ್ಲದಿದ್ದರೂ ಜಿಎಎಟಿಟಿಸಿಯನ್ನು ಗುರುತಿಸಿ ಬಿಗಿಯಾಗಿ ಹಿಡಿಯುತ್ತದೆ. ಹಿಡಿಯುವುದು ಬೇರೆ, ಕತ್ತರಿಸುವುದು ಬೇರೆ. ಇಕೋ ಆರ್ ಫೈವ್ ಸ್ವಭಾವ ಇದಕ್ಕಿಂತ ವಿಚಿತ್ರ. ಬ್ರಿಸ್ಟಲ್‌ನ ಹಾಲ್ಫರ್ಡ್ ತಂಡ ಕಂಡುಕೊಂಡಂತೆ, ಲೋಹ ಇಲ್ಲದಾಗ ಅದಕ್ಕೆ ತನ್ನ ತಾಣವಾದ ಜಿಎಟಿಎಟಿಸಿಗೂ ಬೇರೆ ಡಿಎನ್‌ಎಗೂ ವ್ಯತ್ಯಾಸವೇ ಕಾಣುವುದಿಲ್ಲ, ಎಲ್ಲವನ್ನೂ ಒಂದೇ ಬಿಗಿಯಲ್ಲಿ ಹಿಡಿಯುತ್ತದೆ. ಕ್ಯಾಲ್ಸಿಯಂ ಹಾಕಿದರೆ ತನ್ನ ತಾಣವನ್ನು ಗುರುತಿಸತೊಡಗುತ್ತದೆ, ಆದರೂ ಕತ್ತರಿಸುವುದಿಲ್ಲ. ಮೆಗ್ನೀಸಿಯಂ ಬಂದರೆ ಕತ್ತರಿಸುತ್ತದೆ. ಒಂದೇ ಕಿಣ್ವದಲ್ಲಿ ಗುರುತಿಸುವ ಕೆಲಸಕ್ಕೂ ಕತ್ತರಿಸುವ ಕೆಲಸಕ್ಕೂ ಲೋಹ ಬೇಕಾಯಿತು. "ಸಹಕಾರಕ" ಎಂಬ ಒಂದು ಪದದಲ್ಲಿ ಇದನ್ನೆಲ್ಲ ಹೇಗೆ ಹೇಳುವುದು!

ಇನ್ನು ಕ್ಯಾಲ್ಸಿಯಂ ಏಕೆ ಸೋಲುತ್ತದೆ ಎಂಬುದು. ಆವೇಶ ಒಂದೇ, ಗಾತ್ರ ಬೇರೆ. ಆರು ಕೈಗಳ ಜೋಡಣೆಯಲ್ಲಿ ಮೆಗ್ನೀಸಿಯಂ ತ್ರಿಜ್ಯ 0.72 ಆಂಗ್‌ಸ್ಟ್ರಾಮ್, ಕ್ಯಾಲ್ಸಿಯಂದು 1.00. ಮೆಗ್ನೀಸಿಯಂ ತನ್ನ ಸುತ್ತ ಆರೇ ಆಮ್ಲಜನಕ ಬೇಕೆನ್ನುತ್ತದೆ, ಅವೂ ಎಂಟು ಮುಖದ ಆಕೃತಿಯ ಮೂಲೆಗಳಲ್ಲಿ ಕಟ್ಟುನಿಟ್ಟಾಗಿ ಇರಬೇಕು. ಕ್ಯಾಲ್ಸಿಯಂ ಏಳು, ಎಂಟು ಇದ್ದರೂ ಒಪ್ಪುತ್ತದೆ, ಕೋನ ಹೆಚ್ಚುಕಡಿಮೆಯಾದರೂ ಒಪ್ಪುತ್ತದೆ. ಇದರಿಂದ ಎರಗಬೇಕಾದ ನೀರು, ಫಾಸ್ಫರಸ್, ಹೋಗುವ ಆಮ್ಲಜನಕ ಮೂರೂ ಒಂದೇ ಗೆರೆಯಲ್ಲಿ ನಿಲ್ಲುವುದು ತಪ್ಪುತ್ತದೆ. ಜೊತೆಗೆ ಕ್ಯಾಲ್ಸಿಯಂಗೆ ಅಂಟಿದ ನೀರಿನ ಪಿಕೆಎ ಸುಮಾರು 12.8, ಪ್ರೋಟಾನ್ ಬಿಡಲು ಮೆಗ್ನೀಸಿಯಂ ನೀರಿನಷ್ಟು ಸಿದ್ಧವಿಲ್ಲ.

ಮ್ಯಾಂಗನೀಸ್ ಕತೆ ಉಲ್ಟಾ. ತ್ರಿಜ್ಯ 0.83, ಮೆಗ್ನೀಸಿಯಂಗೆ ಹತ್ತಿರ. ನೀರಿನ ಪಿಕೆಎ 10.6. ಜಾಗಕ್ಕೆ ಸಲೀಸಾಗಿ ಹೊಂದುತ್ತದೆ, ಕೋನಗಳ ವಿಷಯದಲ್ಲಿ ಅಷ್ಟು ಬಿಗಿಯಿಲ್ಲ. ಅದಕ್ಕೇ ಮ್ಯಾಂಗನೀಸ್ ಹಾಕಿದರೆ ಕೆಲವು ಕಿಣ್ವಗಳು ತಮ್ಮದಲ್ಲದ, ಒಂದಕ್ಷರ ಬೇರೆಯಿರುವ ತಾಣದಲ್ಲೂ ಕತ್ತರಿಸಿಬಿಡುತ್ತವೆ. ಇದನ್ನೇ ಲ್ಯಾಬಿನಲ್ಲಿ ಸ್ಟಾರ್ ಆ್ಯಕ್ಟಿವಿಟಿ ಎನ್ನುವುದು. ಗ್ಲಿಸರಾಲ್ ಹೆಚ್ಚಾದರೂ, ಪಿಎಚ್ ಏರಿದರೂ, ಉಪ್ಪು ಕಡಿಮೆಯಾದರೂ ಇದು ಕಾಣಿಸಿಕೊಳ್ಳುತ್ತದೆ. ಮೆಗ್ನೀಸಿಯಂ ಹಟಮಾರಿ ಅಯಾನು. ಸರಿಯಾದ ತಾಣ ಸಿಕ್ಕಿ ಎಲ್ಲ ಪರಮಾಣುಗಳೂ ಸರಿಯಾಗಿ ಕೂಡಿಬರದ ಹೊರತು ಅದು ಕೆಲಸಕ್ಕೆ ಇಳಿಯುವುದಿಲ್ಲ. ಆ ಹಟವೇ ಡಿಎನ್‌ಎಗೆ ಕಾವಲು ಎಂದು ನಾನು ನಂಬಿದ್ದೇನೆ.

ನೇತ್ರಾವತಿ · ಮಂಗಳವಾರ, ಸಂಜೆ 5:25

ಹರಳುಗಾರ ಸರ್, ನಿಮ್ಮ ಕೊನೆಯ ಸಾಲಿಗೆ ಒಂದು ತಕರಾರು ಇದೆ. ಅದಕ್ಕೆ ಆಧಾರ ನಮ್ಮ ಬೆಂಗಳೂರಿನಲ್ಲೇ ನಡೆದ ಕೆಲಸ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಬಹಳ ವರ್ಷ ಕೆಪಿಎನ್ ಒನ್ ಎಂಬ ರೆಸ್ಟ್ರಿಕ್ಷನ್ ಕಿಣ್ವದ ಮೇಲೆ ಕೆಲಸ ಮಾಡಿತು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾದ ಕಿಣ್ವ, ತಾಣ ಜಿಜಿಟಿಎಸಿಸಿ. ಇದು ಮೆಗ್ನೀಸಿಯಂ ಜೊತೆ ಇರುವಾಗಲೇ ಎಲ್ಲೆ ಮೀರಿ ಬೇರೆ ತಾಣಗಳಲ್ಲೂ ಕತ್ತರಿಸುತ್ತದೆ. 2004ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಸಾರ: ಕ್ಯಾಲ್ಸಿಯಂ ಕೊಟ್ಟರೆ ಈ ಕಿಣ್ವ ಕತ್ತರಿಸುತ್ತದೆ, ಅದೂ ತನ್ನ ತಾಣದಲ್ಲಿ ಮಾತ್ರ, ಅಚ್ಚುಕಟ್ಟಾಗಿ. ಮೆಗ್ನೀಸಿಯಂ ಇದ್ದಾಗಿನ ಎಡವಟ್ಟು ಕತ್ತರಿಕೆಯನ್ನೂ ಕ್ಯಾಲ್ಸಿಯಂ ಅಡಗಿಸುತ್ತದೆ. ಅಂದರೆ ಇಲ್ಲಿ ಕಾವಲುಗಾರ ಕ್ಯಾಲ್ಸಿಯಂ, ಹದ್ದು ಮೀರಿಸುವುದು ಮೆಗ್ನೀಸಿಯಂ.

ಇದೊಂದೇ ಅಲ್ಲ. ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ನ್ಯೂಕ್ಲಿಯೇಸ್ ಇದೆಯಲ್ಲ, ಕ್ರೋಮಾಟಿನ್ (ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ) ಮೇಲೆ ಕೆಲಸ ಮಾಡುವವರು ದಿನಾ ಬಳಸುವ ಮೈಕ್ರೋಕಾಕಲ್ ನ್ಯೂಕ್ಲಿಯೇಸ್, ಅದಕ್ಕೆ ಬೇಕಾದದ್ದು ಒಂದು ಕ್ಯಾಲ್ಸಿಯಂ ಅಯಾನು. ಮೆಗ್ನೀಸಿಯಂ ಇಟ್ಟರೆ ಆಗುವುದಿಲ್ಲ. ಅದಕ್ಕೇ ಆ ಪ್ರಯೋಗ ನಿಲ್ಲಿಸಲು ಕ್ಯಾಲ್ಸಿಯಂ ಮೇಲೆ ಹೆಚ್ಚು ಒಲವಿರುವ ಇಜಿಟಿಎ ಹಾಕುವುದು ರೂಢಿ. ಈ ನ್ಯೂಕ್ಲಿಯೇಸ್ ಬಂಧವನ್ನು ಕಡಿಯುವುದೂ ಆಚೆ ಬದಿಯಲ್ಲಿ. (ಡಿಎನ್‌ಎ ಎಳೆಯ ಎರಡು ತುದಿಗಳಿಗೆ 5 ಪ್ರೈಮ್, 3 ಪ್ರೈಮ್ ಎಂದು ಹೆಸರು.) ಇಕೋ ಆರ್ ಒನ್ ಕತ್ತರಿಸಿದರೆ ಫಾಸ್ಫೇಟ್ 5 ಪ್ರೈಮ್ ತುದಿಯಲ್ಲಿ ಉಳಿಯುತ್ತದೆ, ಲಿಗೇಸ್ ಅದನ್ನು ಮತ್ತೆ ಬೆಸೆಯಬಹುದು. ಇದು ಕತ್ತರಿಸಿದರೆ ಫಾಸ್ಫೇಟ್ 3 ಪ್ರೈಮ್ ತುದಿಗೆ ಹೋಗುತ್ತದೆ, ಲಿಗೇಸ್‌ಗೆ ಕೈಗೂಡುವುದಿಲ್ಲ.

ಡಿಎನ್‌ಏಸ್ ಒನ್ ಗಮನಿಸಿ. ಮೆಗ್ನೀಸಿಯಂ ಇದ್ದರೆ ಎರಡೆಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಡಿಬಿಡಿ ಗಾಯ. ಮ್ಯಾಂಗನೀಸ್ ಇದ್ದರೆ ಎರಡೂ ಎಳೆಗಳನ್ನು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕಡಿದು ಡಿಎನ್‌ಎಯನ್ನೇ ತುಂಡು ಮಾಡುತ್ತದೆ. ಕಿಣ್ವ ಅದೇ, ಡಿಎನ್‌ಎ ಅದೇ, ಲೋಹ ಮಾತ್ರ ಬದಲು. ಎಸ್ ಒನ್ ನ್ಯೂಕ್ಲಿಯೇಸ್‌ಗೆ ಸತು ಬೇಕು, ಆಮ್ಲೀಯ ಬಫರೂ ಬೇಕು. ಬಿಎಫ್ಐ ಒನ್ ಎಂಬ ರೆಸ್ಟ್ರಿಕ್ಷನ್ ಕಿಣ್ವಕ್ಕೆ ಯಾವ ಲೋಹವೂ ಬೇಡ.

ಆದ್ದರಿಂದ ಮೆಗ್ನೀಸಿಯಂನ ಹಟ ಎಂಬುದು ಎಲ್ಲ ಕಡೆ ನಡೆಯುವ ವಿವರಣೆಯಲ್ಲ.

ಶಾಲ್ಮಲಾ · ಮಂಗಳವಾರ, ಸಂಜೆ 6:05

ನೇತ್ರಾವತಿ ಅಕ್ಕ, ಕೆಪಿಎನ್ ಒನ್ ನಮ್ಮ ಲ್ಯಾಬಿನ ಫ್ರೀಜರಿನಲ್ಲೇ ಇದೆ! ಅದರ ಹಿಂದೆ ಬೆಂಗಳೂರಿನ ಇಷ್ಟು ಕೆಲಸ ಇದೆ ಎಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಈಗ ಪ್ರಶ್ನೆ ಇನ್ನೂ ಬಿಗಿಯಾಯಿತು. ಬ್ಯಾಮ್ ಎಚ್ ಒನ್‌ನಲ್ಲಿ ಕತ್ತರಿಸಲಾರದ ಕ್ಯಾಲ್ಸಿಯಂ ಕೆಪಿಎನ್ ಒನ್‌ನಲ್ಲಿ ಹೇಗೆ ಕತ್ತರಿಸುತ್ತದೆ?

ಹರಳುಗಾರ · ಮಂಗಳವಾರ, ರಾತ್ರಿ 11:30

ನೇತ್ರಾವತಿ ಮೇಡಂ, ತಕರಾರು ಒಪ್ಪಿದೆ. ನಾನು ಹೇಳಿದ್ದು ಬ್ಯಾಮ್ ಎಚ್ ಒನ್, ಇಕೋ ಆರ್ ಫೈವ್ ಇರುವ ಮನೆತನಕ್ಕೆ ಸಲ್ಲುತ್ತದೆ. ಕೆಪಿಎನ್ ಒನ್ ಆ ಮನೆತನದ್ದಲ್ಲ. ಅದೇ ಬೆಂಗಳೂರು ತಂಡ 2004ರಲ್ಲೇ ಇನ್ನೊಂದು ಪ್ರಬಂಧದಲ್ಲಿ ಅದು ಎಚ್‌ಎನ್‌ಎಚ್ ಕುಟುಂಬದ್ದು ಎಂದು ತೋರಿಸಿತು. ಶಾಲ್ಮಲಾ ಅವರ ಪ್ರಶ್ನೆಗೆ ಉತ್ತರ ಅಲ್ಲಿದೆ ಎಂದು ನನ್ನ ಎಣಿಕೆ.

ಎಚ್‌ಎನ್‌ಎಚ್ ಮತ್ತು ಅದರ ದಾಯಾದಿ ಕುಟುಂಬಗಳಲ್ಲಿ ಮೇಷ್ಟ್ರ ಮೂರು ಕೆಲಸಗಳ ಹಂಚಿಕೆಯೇ ಬೇರೆ. ನೀರಿನಿಂದ ಪ್ರೋಟಾನ್ ಕಿತ್ತುಕೊಳ್ಳುವ ಕೆಲಸ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ್ದು, ಲೋಹದ್ದಲ್ಲ. ಲೋಹ ಒಂದೇ ಒಂದು. ಅದು ಕೂರುವುದು ಹೋಗುವ ಆಮ್ಲಜನಕದ ಬದಿಯಲ್ಲಿ, ಅದಕ್ಕೂ ಫಾಸ್ಫೇಟ್‌ಗೂ ಆಸರೆಯಾಗಿ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಐ-ಪಿಪಿಒ ಒನ್ ಎಂಬ ಕಿಣ್ವ. ಫೈಸಾರಮ್ ಎಂಬ ಲೋಳೆ ಶಿಲೀಂಧ್ರದಲ್ಲಿ ಸಿಗುತ್ತದೆ. 1999ರಲ್ಲಿ ಬ್ಯಾರಿ ಸ್ಟಾಡರ್ಡ್ ಅವರ ತಂಡ ಇದರ ಕತ್ತರಿಸುವ ಮುಂಚಿನ ಮತ್ತು ಕತ್ತರಿಸಿದ ಮೇಲಿನ ಚಿತ್ರಗಳನ್ನು ತೆಗೆದಿತ್ತು. ಈಚೆಗೆ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಯಾಂಗ್ ಗಾವ್ ಅವರ ತಂಡ ಕ್ರಿಯೆ ನಡೆಯುತ್ತಿರುವಾಗಲೇ ಹರಳಿನೊಳಗೆ ಹಂತಹಂತವಾಗಿ ನೋಡಿದೆ.

ಹೀಗೆ ನೋಡುವ ವಿಧಾನ ನನಗೆ ಈಗಲೂ ರೋಮಾಂಚನ ತರುತ್ತದೆ, ಸ್ವಲ್ಪ ಹೇಳಲೇಬೇಕು. ಕಿಣ್ವ ಮತ್ತು ಡಿಎನ್‌ಎಯನ್ನು ಕ್ರಿಯೆ ಶುರುವಾಗದ ಸ್ಥಿತಿಯಲ್ಲಿ ಹರಳು ಮಾಡುತ್ತಾರೆ. ಆಮೇಲೆ ಹರಳನ್ನು ಮೆಗ್ನೀಸಿಯಂ ಅಥವಾ ಮ್ಯಾಂಗನೀಸ್ ಇರುವ ಹನಿಗೆ ಹಾಕುತ್ತಾರೆ. ಹರಳಿನ ಒಳಗೆ ನೀರಿನ ಕಾಲುವೆಗಳಿರುತ್ತವೆ, ಅಯಾನು ಅವುಗಳ ಮೂಲಕ ನುಸುಳಿ ಕಿಣ್ವದ ಗುಳಿ ಸೇರುತ್ತದೆ, ಕ್ರಿಯೆ ಹರಳಿನೊಳಗೇ ಶುರುವಾಗುತ್ತದೆ. ಬೇರೆ ಬೇರೆ ಹೊತ್ತಿಗೆ ಒಂದೊಂದು ಹರಳನ್ನು ತೆಗೆದು ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಆ ಗಳಿಗೆ ಹಾಗೇ ಹೆಪ್ಪುಗಟ್ಟುತ್ತದೆ. ಸಾಲಾಗಿ ಎಕ್ಸ್-ರೇ ಚಿತ್ರ ತೆಗೆದರೆ ಬಂಧ ಮುರಿಯುವುದನ್ನು ಕಣ್ಣಾರೆ ಕಂಡಂತೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೇ ಯಾಂಗ್ ಅವರ ತಂಡ 2012ರಲ್ಲಿ ಡಿಎನ್‌ಎ ಹೆಣೆಯುವ ಪಾಲಿಮರೇಸ್ ಈಟಾ ಕಿಣ್ವವನ್ನು ಹೀಗೆ ನೋಡುವಾಗ, ಅದುವರೆಗೆ ಯಾರಿಗೂ ಕಾಣದಿದ್ದ ಮೂರನೆಯ ಲೋಹದ ಅಯಾನು ಬಂದುಹೋಗುವುದು ಕಂಡಿತು.

ಐ-ಪಿಪಿಒ ಒನ್‌ನಲ್ಲಿ ರೈಸ್ ತಂಡಕ್ಕೆ ಕೊನೆವರೆಗೂ ಕಂಡದ್ದು ಎರಡು ಆವೇಶದ ಒಂದೇ ಅಯಾನು, ಪಕ್ಕದಲ್ಲಿ ಹಿಸ್ಟಿಡಿನ್. ಒಂದು ಲೋಹದಿಂದಲೂ ಡಿಎನ್‌ಎ ಕತ್ತರಿಸಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ.

ಈಗ ಕೆಪಿಎನ್ ಒನ್‌ಗೆ ಬನ್ನಿ. ನೀರನ್ನು ಸಿದ್ಧ ಮಾಡುವ ಹೊಣೆ ಹಿಸ್ಟಿಡಿನ್ ಹೊತ್ತಿದ್ದರೆ, ಕ್ಯಾಲ್ಸಿಯಂ ನೀರಿನ ಪಿಕೆಎ 12.8 ಇದ್ದರೇನು, 11.4 ಇದ್ದರೇನು? ಅದರ ಅತಿದೊಡ್ಡ ಕೊರತೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಉಳಿದದ್ದು ಆಸರೆ ಕೊಡುವುದು, ಅದನ್ನು ಕ್ಯಾಲ್ಸಿಯಂ ಕೊಡಬಲ್ಲದು. ಎರಡು ಲೋಹದ ಕಿಣ್ವದಲ್ಲಿ ಲೋಹಕ್ಕೇ ಎಲ್ಲ ಹೊಣೆ, ಅಲ್ಲಿ ಕ್ಯಾಲ್ಸಿಯಂ ಸೋಲುತ್ತದೆ. ಇದು ನನ್ನ ತರ್ಕ, ಕೆಪಿಎನ್ ಒನ್ ಮೇಲೆ ಕೆಲಸ ಮಾಡಿದವರು ತಿದ್ದಿದರೆ ಸಂತೋಷ.

ಡಿಎನ್‌ಎ ತಿದ್ದುವ ತಂತ್ರವಾದ ಕ್ರಿಸ್ಪರ್ ಬಗ್ಗೆ ಓದಿದವರಿಗೆ ಇನ್ನೊಂದು ವಿಷಯ. ಅದರಲ್ಲಿ ಕತ್ತರಿಯಂತೆ ಬಳಸುವ ಕ್ಯಾಸ್ 9 ಕಿಣ್ವದ ಒಳಗೆ ಎರಡು ಕತ್ತರಿಸುವ ಭಾಗಗಳಿವೆ. ಗೈಡ್ ಆರ್‌ಎನ್‌ಎ ಜೋಡಿಯಾಗುವ ಎಳೆಯನ್ನು ಕತ್ತರಿಸುವುದು ಎಚ್‌ಎನ್‌ಎಚ್ ಭಾಗ: ಒಂದು ಲೋಹ, ಒಂದು ಹಿಸ್ಟಿಡಿನ್. ಎದುರಿನ ಎಳೆಯನ್ನು ಕತ್ತರಿಸುವುದು ರುವ್‌ಸಿ ಭಾಗ: ಎರಡು ಲೋಹ. ಈ ಚರ್ಚೆಯ ಎರಡೂ ಬಗೆ ಒಂದೇ ಪ್ರೋಟೀನಿನಲ್ಲಿ ಅಕ್ಕಪಕ್ಕ ಇವೆ. 840ನೇ ಹಿಸ್ಟಿಡಿನ್ ಬದಲಿಸಿದರೆ ಮೊದಲನೆಯದು ನಿಲ್ಲುತ್ತದೆ, ಲೋಹ ಹಿಡಿಯುವ 10ನೇ ಆಸ್ಪಾರ್ಟೇಟ್ ಬದಲಿಸಿದರೆ ಎರಡನೆಯದು ನಿಲ್ಲುತ್ತದೆ. ಒಂದೇ ಎಳೆ ಕತ್ತರಿಸುವ ನಿಕೇಸ್‌ಗಳನ್ನು ಮಾಡಿದ್ದು ಹೀಗೆಯೇ.

ಮದ್ದಿನ ಮನೆ · ಬುಧವಾರ, ಬೆಳಿಗ್ಗೆ 10:45

ಎರಡು ದಿನದಿಂದ ಓದುತ್ತಿದ್ದೇನೆ. ಉತ್ತರ ಕರ್ನಾಟಕದ ಒಂದು ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿ ಚಿಕಿತ್ಸೆ ಕೊಡುವ ಕೇಂದ್ರ) ಫಾರ್ಮಸಿಸ್ಟ್ ಆಗಿದ್ದೇನೆ. ನೀವು ಮಾತಾಡುತ್ತಿರುವ ಎರಡು ಮೆಗ್ನೀಸಿಯಂಗಳ ಮೇಲೆ ನಮ್ಮ ರೋಗಿಗಳ ಜೀವ ನಿಂತಿದೆ.

ಎಚ್‌ಐವಿ ತನ್ನ ಡಿಎನ್‌ಎ ಪ್ರತಿಯನ್ನು ನಮ್ಮ ಕೋಶದ ಡಿಎನ್‌ಎಗೆ ಸೇರಿಸಲು ಇಂಟಿಗ್ರೇಸ್ ಎಂಬ ಕಿಣ್ವ ಬಳಸುತ್ತದೆ. ಅದು ಮೊದಲು ವೈರಸ್ ಡಿಎನ್‌ಎಯ ತುದಿಗಳಲ್ಲಿ ಎರಡೆರಡು ನ್ಯೂಕ್ಲಿಯೋಟೈಡ್ ಕಡಿದು ಹಾಕುತ್ತದೆ, ಆಮೇಲೆ ಆ ತುದಿಗಳನ್ನು ನಮ್ಮ ಡಿಎನ್‌ಎಗೆ ಬೆಸೆಯುತ್ತದೆ. ಎರಡಕ್ಕೂ ಎರಡು ಮೆಗ್ನೀಸಿಯಂ ಅಯಾನು ಬೇಕು, ಅವನ್ನು ಹಿಡಿದಿರುವುದು ಎರಡು ಆಸ್ಪಾರ್ಟೇಟ್, ಒಂದು ಗ್ಲುಟಮೇಟ್. ಈ ಕಿಣ್ವವನ್ನು ತಡೆಯುವ ಡೊಲುಟೆಗ್ರಾವಿರ್ ಮಾತ್ರೆಯ ಅಣುವಿನಲ್ಲಿ ಆಮ್ಲಜನಕಗಳನ್ನು ಜೋಡಿಸಿರುವ ರೀತಿಯೇ ಆ ಎರಡು ಅಯಾನುಗಳನ್ನು ಒಟ್ಟಿಗೆ ಕಚ್ಚಿ ಹಿಡಿಯುವಂತಿದೆ. ಲೋಹ ಅಲ್ಲೇ ಇರುತ್ತದೆ, ಆದರೆ ಕಿಣ್ವಕ್ಕೆ ಸಿಗುವುದಿಲ್ಲ. ಈ ಗುಂಪಿನ ಮೊದಲ ಔಷಧ ರಾಲ್ಟೆಗ್ರಾವಿರ್‌ಗೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು, ಡೊಲುಟೆಗ್ರಾವಿರ್‌ಗೆ 2013ರಲ್ಲಿ. ಈಗ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಮೂರು ಔಷಧ ಸೇರಿದ ದಿನಕ್ಕೊಂದು ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ.

ಇಲ್ಲಿ ಬರೆಯಲು ಮುಖ್ಯ ಕಾರಣ ಇದು. ಗ್ಯಾಸ್ಟ್ರಿಕ್ ಎಂದು ಅಂಗಡಿಯಿಂದ ತಂದು ಕುಡಿಯುವ ಸಿರಪ್‌ಗಳಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತವೆ. ಮಾತ್ರೆ ಜೊತೆಗೇ ಅದನ್ನು ಕುಡಿದರೆ ಔಷಧ ಹೊಟ್ಟೆಯಲ್ಲೇ ಆ ಲೋಹವನ್ನು ಕಚ್ಚಿಕೊಂಡುಬಿಡುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಆದ್ದರಿಂದ ಸಿರಪ್ ಕುಡಿಯುವುದಕ್ಕೆ 2 ಗಂಟೆ ಮುಂಚೆ ಅಥವಾ ಕುಡಿದ 6 ಗಂಟೆ ನಂತರ ಡೊಲುಟೆಗ್ರಾವಿರ್ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಬರಿ ಹೊಟ್ಟೆಯಲ್ಲಾದರೆ ಇದೇ ಅಂತರ, ಊಟದ ಜೊತೆಯಾದರೆ ಒಟ್ಟಿಗೆ ತೆಗೆದುಕೊಳ್ಳಬಹುದು. ಗರ್ಭಿಣಿಯರು ಇದನ್ನು ನಮ್ಮಲ್ಲಿ ಕೇಳಿಯೇ ಶುರು ಮಾಡಲಿ, ಅವರಿಗೆ ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಬರೆದಿರುತ್ತಾರೆ. ಗ್ಯಾಸ್ಟ್ರಿಕ್ ಸಿರಪ್ ಔಷಧ ಎಂದು ಎಷ್ಟೋ ಜನರಿಗೆ ಅನ್ನಿಸುವುದೇ ಇಲ್ಲ, ಹೀಗಾಗಿ ನಾವು ಬಾಯಿಬಿಟ್ಟು ಕೇಳಿದರೆ ಮಾತ್ರ ಹೇಳುತ್ತಾರೆ.

ಕುತೂಹಲಿ · ಬುಧವಾರ, ಬೆಳಿಗ್ಗೆ 11:10

ಮೇಡಂ, ಇದನ್ನು ನಮ್ಮೂರಿನ ಆಶಾ ಕಾರ್ಯಕರ್ತೆಗೆ ಕಳಿಸಿದ್ದೇನೆ. ಬಹಳ ಉಪಕಾರ.

ಶಾಲ್ಮಲಾ · ಬುಧವಾರ, ಸಂಜೆ 7:30

ಎಲ್ಲರಿಗೂ ಮನಸಾರೆ ಧನ್ಯವಾದ. ಎಲ್ಲವನ್ನೂ ಪ್ರಿಂಟ್ ತೆಗೆದು ಮೇಡಂಗೆ ತೋರಿಸಿದೆ. ಕೆಪಿಎನ್ ಒನ್ ಮತ್ತು ಬ್ಯಾಮ್ ಎಚ್ ಒನ್ ಎರಡನ್ನೂ ಮೆಗ್ನೀಸಿಯಂ, ಕ್ಯಾಲ್ಸಿಯಂ, ಮ್ಯಾಂಗನೀಸ್ ಮೂರರಲ್ಲೂ ಇಟ್ಟು ಒಂದೇ ಜೆಲ್‌ನಲ್ಲಿ ನೋಡಲು ಒಪ್ಪಿದ್ದಾರೆ, ಸಣ್ಣ ಪ್ರಾಜೆಕ್ಟ್ ಆಗಿ. ನಮ್ಮ ಡಿಎನ್‌ಎ ಟಿಇ ಬಫರಿನಲ್ಲಿದೆ, ಅದರಲ್ಲೂ ಇಡಿಟಿಎ ಇದೆಯಲ್ಲ, ತೊಂದರೆಯಾಗುತ್ತದೆಯೇ? ಬೇರೆ ಏನು ನೋಡಿಕೊಳ್ಳಬೇಕು?

ನೇತ್ರಾವತಿ · ಬುಧವಾರ, ರಾತ್ರಿ 9:15

ಲೆಕ್ಕ ಹಾಕಿದರೆ ಭಯ ಹೋಗುತ್ತದೆ. ಟಿಇಯಲ್ಲಿ ಇಡಿಟಿಎ 1 ಮಿಲಿಮೋಲಾರ್. 20 ಮೈಕ್ರೋಲೀಟರ್ ಕ್ರಿಯೆಯಲ್ಲಿ 10 ಮೈಕ್ರೋಲೀಟರ್ ಡಿಎನ್‌ಎ ಹಾಕಿದರೂ ಅದು 0.5ಕ್ಕೆ ಇಳಿಯುತ್ತದೆ. ಒಂದು ಇಡಿಟಿಎ ಒಂದೇ ಅಯಾನು ಹಿಡಿಯುತ್ತದೆ, 10ರಲ್ಲಿ 9.5 ಮಿಲಿಮೋಲಾರ್ ಲೋಹ ಉಳಿಯುತ್ತದೆ. ಲೋಹವನ್ನು 1 ಮಿಲಿಮೋಲಾರ್‌ಗೆ ಇಳಿಸಿ ನೋಡುವ ಆಸೆಯಿದ್ದರೆ ಮಾತ್ರ ಡಿಎನ್‌ಎಯನ್ನು ಇಡಿಟಿಎ ಇಲ್ಲದ ಟ್ರಿಸ್ ಬಫರಿಗೆ ಬದಲಿಸಿಕೊಳ್ಳಿ. ಕ್ರಿಯೆ ನಿಲ್ಲಿಸಲು 0.5 ಮೋಲಾರ್ ಇಡಿಟಿಎ 1 ಮೈಕ್ರೋಲೀಟರ್ ಸಾಕು, ಸುಮಾರು 24 ಮಿಲಿಮೋಲಾರ್ ಆಗುತ್ತದೆ. ಅದರಿಂದ ಕಿಣ್ವ ಸಾಯುವುದಿಲ್ಲ ಎಂಬುದು ನೆನಪಿರಲಿ, ಆಮೇಲೆ ಮೆಗ್ನೀಸಿಯಂ ಹೆಚ್ಚಾಗಿ ಸುರಿದರೆ ಮತ್ತೆ ಕತ್ತರಿಸತೊಡಗುತ್ತದೆ.

ಕಂಪನಿಯ ಬಫರಿನಲ್ಲಿ ಮೆಗ್ನೀಸಿಯಂ ಬೆರೆತೇ ಬರುತ್ತದೆ, ಆದ್ದರಿಂದ ಈ ಪ್ರಯೋಗಕ್ಕೆ ಟ್ರಿಸ್ ಮತ್ತು ಉಪ್ಪಿನ ಬಫರನ್ನು ನೀವೇ ಮಾಡಿಕೊಳ್ಳಿ. ಫಾಸ್ಫೇಟ್ ಬಫರ್ ಬೇಡವೇ ಬೇಡ, ಕ್ಯಾಲ್ಸಿಯಂ, ಮ್ಯಾಂಗನೀಸ್ ಎರಡೂ ಗಸಿಯಾಗಿ ತಳ ಸೇರುತ್ತವೆ. ಮ್ಯಾಂಗನೀಸ್ ಕ್ಲೋರೈಡ್ ದ್ರಾವಣವನ್ನು ಅವತ್ತೇ ಮಾಡಿ ಕಿಣ್ವ ಹಾಕುವ ಸ್ವಲ್ಪ ಮುಂಚೆ ಸೇರಿಸಿ. ಪ್ರತ್ಯಾಮ್ಲೀಯ ಬಫರಿನಲ್ಲಿ ಬಹಳ ಹೊತ್ತು ಇಟ್ಟರೆ ಗಾಳಿಗೆ ಆಕ್ಸಿಡೀಕರಣವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿಣ್ವ ಇಲ್ಲದ, ಲೋಹ ಮಾತ್ರ ಇರುವ ಟ್ಯೂಬ್ ಪ್ರತಿ ಲೋಹಕ್ಕೂ ಒಂದೊಂದು ಇಡಿ. ಕಿಣ್ವದ ಗ್ಲಿಸರಾಲ್ ಒಟ್ಟು ಪರಿಮಾಣದ ಶೇಕಡಾ 5 ಮೀರದಿರಲಿ, ಮೀರಿದರೆ ಎಡವಟ್ಟು ಪಟ್ಟೆಗಳು ಲೋಹದಿಂದ ಬಂದವೋ ಗ್ಲಿಸರಾಲ್‌ನಿಂದ ಬಂದವೋ ತಿಳಿಯದು. ಕೆಪಿಎನ್ ಒನ್‌ಗೆ ಒಂದೇ ತಾಣವಿರುವ ಸಣ್ಣ ಪ್ಲಾಸ್ಮಿಡ್ ಆರಿಸಿಕೊಳ್ಳಿ, ಸರಿಯಾಗಿ ಕತ್ತರಿಸಿದರೆ ಒಂದೇ ಪಟ್ಟೆ, ಹದ್ದು ಮೀರಿದರೆ ಕೆಳಗೆ ಬೇರೆ ಪಟ್ಟೆಗಳು ಬರುತ್ತವೆ. 15 ನಿಮಿಷಕ್ಕೊಮ್ಮೆ ಸ್ವಲ್ಪ ತೆಗೆದು ಇಡಿಟಿಎ ಹಾಕಿಟ್ಟು ಎಲ್ಲವನ್ನೂ ಒಟ್ಟಿಗೆ ಓಡಿಸಿ.

ಜೆಲ್ ಚಿತ್ರ ಬಂದ ಕೂಡಲೇ ಇಲ್ಲಿ ಹಾಕಿ, ನಾವೆಲ್ಲ ನೋಡುತ್ತೇವೆ.